ಒಂಬತ್ತು ಗಂಟಿನ ಕರಿದಾರ

ನಾನು ಒಂದು ಮೋಟಾರ್ ಬೈಕು. ಪೇಟೆಯಲ್ಲಿ ತರಕಾರಿ ಚೀಲ ನೇತುಹಾಕಿಕೊಂಡು ಓಡಾಡುವ ಜಾತಿಯಲ್ಲ. ಕಲ್ಲು, ಹಳ್ಳ, ಕೊರಕಲು ಹತ್ತಿ ಇಳಿಯಲೆಂದೇ ಹುಟ್ಟಿದ ಜಾತಿ. ಮೈ ಹಗುರ, ಕಾಲು ಉದ್ದ, ಮುಂದಿನ ಚಕ್ರ ದೊಡ್ಡದು, ಹೊಟ್ಟೆ ನೆಲದಿಂದ ಮೊಳದಷ್ಟು ಮೇಲೆ. ಬೇರೆ ಬೈಕುಗಳ ಸಾಲಿನಲ್ಲಿ ನಿಲ್ಲಿಸಿದರೆ ಬಾತುಕೋಳಿಗಳ ನಡುವೆ ಕೊಕ್ಕರೆ ನಿಂತ ಹಾಗೆ ಕಾಣುತ್ತೇನೆ. ಇಷ್ಟೆಲ್ಲ ಇದ್ದೂ ಬಹಳ ದಿನ ನಾನು ಹೊತ್ತದ್ದು ಒಂದೇ ಹೆಸರು: ಕೈ ಕೊಡೋ ಗಾಡಿ. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಬಾಯಿದ್ದವರಿಗೇ ಕಷ್ಟ. ನನಗೋ ಬಾಯಿಯೇ ಇಲ್ಲ.

ನನ್ನನ್ನು ಮಾಡಿದ್ದು ಗಡಿಯಾಚೆಯ ಒಂದು ಕಾರ್ಖಾನೆಯಲ್ಲಿ. ಎಲ್ಲ ಜೋಡಣೆ ಮುಗಿದ ಮೇಲೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಬೋಳುತಲೆಯ ಯಜಮಾನ ನನ್ನನ್ನು ಪರೀಕ್ಷೆ ಮಾಡಿದ. ದೀಪ ನೋಡಿದ, ಬ್ರೇಕು ಹಿಡಿದ. ಕೊನೆಗೆ ನನ್ನ ಎಡಗಡೆಯ ಸ್ಟ್ಯಾಂಡು ಕೆಳಗಿರುವಾಗಲೇ ಎಂಜಿನ್ ಶುರು ಮಾಡಿ ಗೇರ್ ಹಾಕಿದ. ನಾನು ಗಪ್ಪನೆ ಉಸಿರು ನಿಲ್ಲಿಸಿದೆ. ಆತ ಖುಷಿಯಿಂದ ನನ್ನ ಟ್ಯಾಂಕ್ ತಟ್ಟಿದ. ಸವಾರ ಸ್ಟ್ಯಾಂಡ್ ಎತ್ತುವುದನ್ನು ಮರೆತು ಹೊರಟರೆ ತಿರುವಿನಲ್ಲಿ ಅದು ನೆಲಕ್ಕೆ ತಗುಲಿ ಬೀಳುತ್ತಾನೆ. ಅದಕ್ಕೇ ಸ್ಟ್ಯಾಂಡಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡ ಒಂದು ಸ್ವಿಚ್ಚು ಇಟ್ಟಿದ್ದಾರೆ. ಸ್ಟ್ಯಾಂಡು ಪೂರ್ತಿ ಮೇಲಕ್ಕೆ ಮಡಚಿಕೊಂಡರೆ ಮಾತ್ರ ಆ ಸ್ವಿಚ್ಚು ನನಗೆ ಹೊರಡು ಎನ್ನುತ್ತದೆ. ಒಂದು ಬೆರಳಿನಷ್ಟು ಕಡಿಮೆ ಮಡಚಿದರೂ, ಗೇರ್ ಬಿದ್ದ ಕೂಡಲೇ ನಾನು ನಿಂತುಬಿಡಬೇಕು. ನನಗೆ ಕಲಿಸಿದ ಮೊದಲ ಪಾಠ ಅದು. ಅದನ್ನು ನಾನು ಒಂದು ದಿನವೂ ಮೀರಿದವನಲ್ಲ, ನೆನಪಿರಲಿ.

ಮೊದಲು ನನ್ನನ್ನು ಕೊಂಡವರು ಮೈಸೂರಿನ ಫಣೀಂದ್ರ ಎಂಬುವರು, ವಿಮಾ ಕಚೇರಿಯ ನೌಕರರು. ಹಿಮಾಲಯಕ್ಕೆ ಹೋಗಬೇಕೆಂಬ ಆಸೆ ಅವರಿಗೆ. ಕೊಂಡ ದಿನವೇ ನನ್ನ ಮೈಮೇಲೆ ಬೆಟ್ಟದ ಚಿತ್ರದ ಸ್ಟಿಕ್ಕರ್ ಅಂಟಿಸಿದರು. ಆದರೆ ದೇವರು ಅವರಿಗೆ ಆಸೆ ಕೊಟ್ಟ ಉದ್ದಕ್ಕೆ ಕಾಲು ಕೊಟ್ಟಿರಲಿಲ್ಲ. ನನ್ನ ಮೇಲೆ ಕೂತರೆ ಎರಡು ಪಾದವೂ ಗಾಳಿಯಲ್ಲೇ. ಸಿಗ್ನಲ್‌ನಲ್ಲಿ ಒಮ್ಮೆ ಬಿದ್ದರು, ಕಚೇರಿ ಗೇಟಿನಲ್ಲಿ ಒಮ್ಮೆ, ಹೆಂಡತಿಯ ತವರಿನವರೆಲ್ಲ ನೋಡುತ್ತಿರುವಾಗ ಮನೆಯ ಮುಂದೆಯೇ ಒಮ್ಮೆ. ಮೂರನೆಯ ಸಲ ಎದ್ದವರು ಮೈ ಕೊಡವಿಕೊಂಡು, “ಗಾಡಿ ಬ್ಯಾಲೆನ್ಸೇ ಸರಿಯಿಲ್ಲ ಕಣ್ರೀ” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹಿಮಾಲಯ ಹಾಗಿರಲಿ, ಚಾಮುಂಡಿ ಬೆಟ್ಟವನ್ನೂ ಪೂರ್ತಿ ಹತ್ತದೆ ನಾನು ಎರಡು ವರ್ಷ ಶೆಡ್ಡಿನಲ್ಲಿ ಧೂಳು ತಿಂದೆ.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಹೋದವಳು ಶಿವಮಲ್ಲಿ. ಕೊಳ್ಳೇಗಾಲದಾಚೆಯ ಕಾಡುಬೆಟ್ಟಗಳ ನಡುವಿನ ಬಿದಿರಳ್ಳದ ದೊಡ್ಡಿ ಎಂಬ ಊರಿನಲ್ಲಿ ಆರೋಗ್ಯ ಸಹಾಯಕಿ. ಸುತ್ತಲಿನ ಐದು ಹಳ್ಳಿಗಳ ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು ಅವಳ ಕೆಲಸ. ಹಳ್ಳಿಯಿಂದ ಹಳ್ಳಿಗೆ ಕಾಡುದಾರಿ; ಸ್ಕೂಟರ್ ಹೋಗದು, ನಡೆದರೆ ಅರ್ಧ ದಿನ. ಶಿವಮಲ್ಲಿ ಎತ್ತರದ ಹೆಂಗಸು. ಶೆಡ್ಡಿಗೆ ಬಂದವಳು ಏನೂ ಕೇಳಲಿಲ್ಲ; ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನನ್ನ ಮೇಲೆ ಕೂತಳು. ಎರಡೂ ಪಾದ ನೆಲಕ್ಕೆ ಊರಿದವು. ಅಬ್ಬಾ! ಅವತ್ತು ನನಗಾದ ಸಮಾಧಾನ ಇಷ್ಟಿಷ್ಟಲ್ಲ.

ಊರಿನಲ್ಲಿ ಅವಳಿಗಿದ್ದವಳು ಅತ್ತೆ ದುಂಡಮ್ಮ ಒಬ್ಬಳೇ. ಶಿವಮಲ್ಲಿಯ ಗಂಡ, ದುಂಡಮ್ಮನ ಒಬ್ಬನೇ ಮಗ, ಮೂರು ವರ್ಷದ ಹಿಂದೆ ಊರಿನಿಂದ ಬಿದಿರಳ್ಳಕ್ಕೆ ಇಳಿಯುವ ಘಾಟಿಯಲ್ಲಿ ಬೈಕಿನ ಬ್ರೇಕು ಹಿಡಿಯದೆ ಕಣಿವೆಗೆ ಬಿದ್ದು ತೀರಿಹೋಗಿದ್ದ. ನಾನು ಅಂಗಳಕ್ಕೆ ಬಂದು ನಿಂತಾಗ ದುಂಡಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿ ನನ್ನ ಎಂಜಿನ್ನೇ ತಣ್ಣಗಾಯಿತು.

“ನನ್ ಮಗನ್ಗ ಗಾಡಿ ಕೈ ಕೊಡ್ತು ಕನವ್ವ” ಅಂದಳು. “ಈಗ ನೀನೂ ಒಂದ ತಂದಿದ್ದಯ. ನಿನ್ನೂ ಕಳ್ಕಂಡ್ರ ನಾ ಯಾರ ಮಕ ನೋಡ್ಲಿ?”

“ಏನೂ ಆಗಲ್ಲ ಸುಮ್ಕಿರಿ ಅತ್ತೆ. ಇದು ಬೆಟ್ಟಕ್ಕೇ ಅಂತ ಮಾಡಿರ ಗಾಡಿ.”

“ಅವನ ಗಾಡೀಗ ನಾನು ಏನೂ ಕಟ್ನಿಲ್ಲ. ಒಂದ್ ದಾರ ಕಟ್ಟಿದ್ರ ಉಳೀತಿದ್ನೇನೋ.”

ಮಾರನೆಯ ಸೋಮವಾರ ದುಂಡಮ್ಮ ಮಾದಪ್ಪನ ಹೆಸರು ಹೇಳಿ ನನಗೆ ಪೂಜೆ ಮಾಡಿದಳು. ಚಕ್ರಕ್ಕೆ ನಿಂಬೆಹಣ್ಣು, ದೀಪಕ್ಕೆ ವಿಭೂತಿ, ಎಲ್ಲ ಸರಿ. ಆಮೇಲೆ ಮಡಿಲಿನಿಂದ ಒಂದು ಕರಿದಾರ ತೆಗೆದಳು. ಹ್ಯಾಂಡಲ್‌ಗೆ ಕಟ್ಟುತ್ತಾಳೆಂದುಕೊಂಡೆ. ಇಲ್ಲ, ನನ್ನ ಎಡಬದಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. “ಕೂಸ್ಗ ದೃಷ್ಟಿ ಆಗ್ದೆ ಇರ್ಲಿ ಅಂತ ಕಾಲ್ಗ ತಾನೆ ಕಟ್ಟಾದು? ಗಾಡೀಗೂ ಒಂದ್ ಕಾಲು ಅದಲ್ಲ” ಎನ್ನುತ್ತ ನನ್ನ ಸ್ಟ್ಯಾಂಡಿಗೆ ದಾರ ಸುತ್ತಿ, ತೂತಿನ ಕಾಸೊಂದನ್ನು ಪೋಣಿಸಿ, ಬಿಗಿಯಾಗಿ ಒಂದು ಗಂಟು ಹಾಕಿದಳು. ಸ್ಟ್ಯಾಂಡನ್ನು ಮುಟ್ಟಿದ ಬೆರಳನ್ನು ತುಟಿಗೆ ಒತ್ತಿಕೊಂಡಳು. ಅಷ್ಟು ಪ್ರೀತಿಯಿಂದ ನನ್ನನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಲಸಿಕೆಯ ತಣ್ಣನೆಯ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಶಿವಮಲ್ಲಿಯೂ ನಾನೂ ಹತ್ತದ ಗುಡ್ಡವಿಲ್ಲ, ದಾಟದ ಹಳ್ಳವಿಲ್ಲ. ಹಳ್ಳಿಯ ಕೂಸುಗಳು ನನ್ನ ಸದ್ದು ಕೇಳಿದರೆ ಸೂಜಿ ಬಂತು ಎಂದು ಹಟ್ಟಿಯೊಳಗೆ ಅವಿತುಕೊಳ್ಳುತ್ತಿದ್ದವು. ಅಷ್ಟರಲ್ಲಿ ಕುಲುಕಾಟಕ್ಕೆ ಆ ದಾರದ ಗಂಟು ಮೆಲ್ಲಗೆ ಮೇಲಕ್ಕೆ ಸರಿಯತೊಡಗಿತ್ತು. ಒಂದು ದಿನ ಹುಣಸೆಮರದ ತಿರುವಿನಲ್ಲಿ ಅದು ಸ್ಟ್ಯಾಂಡಿನ ಬುಡದ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಸ್ಟ್ಯಾಂಡು ಒಂದು ಬೆರಳಿನಷ್ಟು ಕೆಳಗೆ ಜಗ್ಗಿತು. ಬಟಾಣಿ ಸ್ವಿಚ್ಚು ನಿಲ್ಲು ಎಂದಿತು. ಪಾಠ ಪಾಠವೇ, ನಾನು ನಿಂತೆ.

ಶಿವಮಲ್ಲಿ ಸ್ಟ್ಯಾಂಡ್ ಹಾಕಿ ಇಳಿದಳು. ಸ್ಟ್ಯಾಂಡ್ ಕೆಳಗಿಳಿದದ್ದೇ ಗಂಟು ಸಂದಿಯಿಂದ ಜಾರಿಕೊಂಡಿತು. ಅವಳು ಪೆಟ್ರೋಲು ನೋಡಿ, ವೈರು ಅಲ್ಲಾಡಿಸಿ, ನಾಲ್ಕು ಬೈದು, ಮತ್ತೆ ಹತ್ತಿ ಸ್ಟ್ಯಾಂಡ್ ಎತ್ತಿದಾಗ ನಾನು ಏನೂ ಆಗದವನಂತೆ ಹೊರಟೆ. ದಾರ, ದಾರ ನೋಡೇ ತಾಯಿ ಎಂದು ನಾನು ಎಷ್ಟು ಗುಡುಗುಟ್ಟಿದರೂ ಅವಳಿಗೆ ಅದು ಎಂಜಿನ್ ಸದ್ದು, ಅಷ್ಟೆ.

ಸಂಜೆ ವಿಷಯ ಕೇಳಿದ ದುಂಡಮ್ಮ ಎದೆಗೆ ಕೈ ಇಟ್ಟುಕೊಂಡಳು. “ಯಾರ್ದೋ ಕೆಟ್ ಕಣ್ಣು ಬಿದ್ದದ ಕನಾ!” ಎಂದು ಅದೇ ದಾರಕ್ಕೆ ಇನ್ನೊಂದು ಗಂಟು ಹಾಕಿದಳು. ಗಂಟು ದಪ್ಪವಾಯಿತು. ದಪ್ಪ ಗಂಟು ಇನ್ನೂ ಬೇಗ ಸಿಕ್ಕಿಕೊಂಡಿತು. ನಾನು ಮತ್ತೆ ನಿಂತೆ. ಅವಳು ಮತ್ತೊಂದು ಗಂಟು ಹಾಕಿದಳು. ನಾನು ನಿಂತಷ್ಟೂ ಗಂಟು, ಗಂಟು ಬಿದ್ದಷ್ಟೂ ನಾನು ನಿಲ್ಲುವುದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಶಿವಮಲ್ಲಿ ನನ್ನನ್ನು ಕೊಳ್ಳೇಗಾಲದ ಇಮ್ತಿಯಾಜ್ ಹತ್ತಿರ ಕರೆದುಕೊಂಡು ಹೋದಳು. ಕೈಗುಣದ ಮೆಕ್ಯಾನಿಕ್. ಆದರೆ ಗ್ರಹಚಾರ ನೋಡಿ, ಪೇಟೆಯ ನುಣುಪು ರಸ್ತೆಯಲ್ಲಿ ಗಂಟು ಸಿಕ್ಕಿಕೊಳ್ಳುವುದೇ ಇಲ್ಲ. ಅವನು ಓಡಿಸಿ ನೋಡಿದ. ನಾನು ಹಾಲು ಕುಡಿದ ಮಗುವಿನ ಹಾಗೆ ನಡೆದುಕೊಂಡೆ. ಪ್ಲಗ್ಗು, ಪಂಪು, ವೈರು ಎಲ್ಲ ಬಿಚ್ಚಿ ನೋಡಿದ. ಕೊನೆಗೆ ನನ್ನ ಎಡಗಡೆ ಬಗ್ಗಿ ಸ್ಟ್ಯಾಂಡಿನ ಹತ್ತಿರ ಕೈ ತಂದ. ಇನ್ನೇನು, ಇನ್ನೇನು ಎಂದು ನಾನು ಕಾದೆ. ಅವನ ಬೆರಳಿಗೆ ಕರಿದಾರ ತಗುಲಿತು. ತಕ್ಷಣ ಕೈ ಹಿಂದೆಗೆದು, ಆ ಬೆರಳನ್ನು ಕಣ್ಣಿಗೊತ್ತಿಕೊಂಡ.

“ದೇವ್ರ ದಾರ ಸಿಸ್ಟರ್. ಎಣ್ಣೆ ಕೈಯಲ್ಲಿ ಮುಟ್ಟಬಾರ್ದು” ಅಂದ. “ಗಾಡಿ ಚಿನ್ನ. ಯಾಕೆ ನಿಲ್ತದೆ ಅಂತ ನನ್ಗಂತೂ ತಿಳೀತಿಲ್ಲ.”

ಭಕ್ತಿಯೇ ನನಗೆ ಶತ್ರುವಾಯಿತಲ್ಲ ಎಂದು ಅವತ್ತು ನಾನು ದಾರಿಯುದ್ದಕ್ಕೂ ಕುದಿದೆ.

ಕಡೆಗೆ ಒಂದು ಮಧ್ಯಾಹ್ನ ನಡೆಯಬಾರದ್ದು ನಡೆಯಿತು. ಗೊಂತಿನ ಕೆರೆಯ ಏರಿಯ ಮೇಲೆ ಆನೆಗಳು ದಾರಿ ದಾಟುತ್ತಿದ್ದವು, ನಾಲ್ಕು ದೊಡ್ಡವು, ಒಂದು ಮರಿ. ಶಿವಮಲ್ಲಿ ದೂರದಲ್ಲೇ ನ್ಯೂಟ್ರಲ್ಲಿಗೆ ಹಾಕಿ ಕಾದಳು. ಮರಿ ದಾಟಲಿಲ್ಲ, ನಮ್ಮ ಕಡೆ ತಿರುಗಿತು. ತಾಯಿ ಕಿವಿ ಅಗಲಿಸಿತು. ಶಿವಮಲ್ಲಿ ನನ್ನ ಮೂತಿ ಹಿಂದಕ್ಕೆ ತಿರುಗಿಸಿದಳು, ಆ ಎಳೆದಾಟಕ್ಕೆ ಗಂಟು ಸಂದಿಗೆ ಸಿಕ್ಕಿತು; ಅವಳು ಗೇರ್ ಹಾಕಿದಳು. ನಾನು ನಿಂತೆ. ಮತ್ತೆ ಶುರು ಮಾಡಿ ಗೇರ್ ಹಾಕಿದಳು. ಮತ್ತೆ ನಿಂತೆ. ಆನೆ ಹತ್ತು ಮಾರು ಮುಂದೆ ಬಂತು. “ಮಾದಪ್ಪಾ” ಎಂದವಳೇ ಸ್ಟ್ಯಾಂಡ್ ಹಾಕಿ ಇಳಿದು ನನ್ನ ಮರೆಯಲ್ಲಿ ಅವಿತಳು. ತಾಯಿ ಆನೆ ಸೊಂಡಿಲೆತ್ತಿ ಗಾಳಿ ಮೂಸಿತು, ಮರಿಯನ್ನು ತಳ್ಳಿಕೊಂಡು ಬಿದಿರು ಮೆಳೆಯೊಳಗೆ ಹೋಯಿತು. ಅದರ ದೊಡ್ಡ ಮನಸ್ಸು, ಹೋಯಿತು.

ಮನೆಗೆ ಬಂದ ಶಿವಮಲ್ಲಿ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ದೂರದಿಂದಲೇ ನೋಡಿದಳು. ಅವಳಿಗೆ ಕೋಪ ಬಂದಿರಲಿಲ್ಲ, ಅದಕ್ಕಿಂತ ಕೆಟ್ಟದ್ದು ಬಂದಿತ್ತು. ನನ್ನ ಮೇಲೆ ನಂಬಿಕೆ ಹೋಗಿತ್ತು. “ಬರೋ ಸೋಮವಾರ ಇದ ಮಾರ್ಬುಡ್ತೀನಿ ಅತ್ತೆ” ಅಂದಳು. “ಯಾವಾಗ ಕೈ ಕೊಡ್ತದೋ ಗೊತ್ತಿಲ್ದಿರ ಗಾಡಿ ನನ್ಗ ಬ್ಯಾಡ.” ದುಂಡಮ್ಮ ಅವತ್ತು ಅಳುತ್ತ ಒಂದರ ಮೇಲೊಂದು ಮೂರು ಗಂಟು ಹಾಕಿದಳು. ಎಲ್ಲ ಸೇರಿ ಒಂಬತ್ತಾದವು.

ಶನಿವಾರ ಬೆಳಗ್ಗೆ ದುಂಡಮ್ಮ ಹಿತ್ತಲಲ್ಲಿ ಸೌದೆ ಎಳೆಯಲು ಹೋದಳು. ಕೂಗಿದ್ದು ಕೇಳಿ ಶಿವಮಲ್ಲಿ ಓಡಿದಳು. ನಾಗರಹಾವು ಎಡಗಾಲಿನ ಹಿಮ್ಮಡಿಯ ಮೇಲೆ ಕಚ್ಚಿತ್ತು. ಜನ ಕೂಡಿದರು. ಪಕ್ಕದ ಮನೆಯ ಚಿಕ್ಕತಮ್ಮಯ್ಯ ಹಗ್ಗ ಹಿಡಿದು ಬಂದ.

“ಕಟ್ಟಬ್ಯಾಡಿ!” ಎಂದು ಶಿವಮಲ್ಲಿ ಕಿರುಚಿದಳು.

“ಕಟ್ದೇ ಇದ್ರ ವಿಷ ಏರ್ತದ ಕನವ್ವ!”

“ಬಿಗಿಯಾಗಿ ಕಟ್ಟಿದ್ರ ರಕ್ತ ಓಡಾಡಲ್ಲ ಮಾವ. ಕಾಲೇ ಸತ್ತೋಯ್ತದ. ಕಾಲ್ಗ ಏನೂ ಕಟ್ಟಬಾರ್ದು. ನೀವು ಸಿಗ್ನಲ್ ಸಿಕ್ಕೋ ಬಂಡೆ ಹತ್ತಿ ಫೋನ್ ಮಾಡಿ, ಆಂಬುಲೆನ್ಸ್ ಕಾಡಿನ ಗೇಟ್ಗ ಬರ್ಲಿ.”

ಹೋದ ಮಳೆಗೆ ಬಿದಿರಳ್ಳದ ಸೇತುವೆ ಅರ್ಧ ಕೊಚ್ಚಿಹೋಗಿತ್ತು. ಜೀಪು, ಆಂಬುಲೆನ್ಸು ಯಾವುದೂ ಊರಿಗೆ ಬರುತ್ತಿರಲಿಲ್ಲ. ಹಳ್ಳ ದಾಟಿ ಗೇಟಿನವರೆಗೆ ಹನ್ನೊಂದು ಕಿಲೋಮೀಟರು. ಶಿವಮಲ್ಲಿ ನನ್ನ ಕಡೆ ನೋಡಿದಳು. ಬೇರೆ ಗತಿಯಿರಲಿಲ್ಲ. ಅತ್ತೆಯನ್ನು ಹಿಂದೆ ಕೂರಿಸಿ, ಹಳೆಯ ಸೀರೆಯಿಂದ ಇಬ್ಬರ ಸೊಂಟವನ್ನೂ ಸೇರಿಸಿ ಸಡಿಲವಾಗಿ ಸುತ್ತಿದಳು. ಔಷಧಿಯ ಚೀಲ ಟ್ಯಾಂಕಿನ ಮೇಲೆ. ಹೊರಡುವ ಮುನ್ನ ಬಗ್ಗಿ ನನ್ನ ಕಿವಿಯಂಥ ಕನ್ನಡಿಯ ಹತ್ತಿರ ಪಿಸುಗುಟ್ಟಿದಳು: “ಇವತ್ತೊಂದ್ ದಿನ ಕಣೋ. ಇವತ್ತೊಂದ್ ದಿನ.”

ನನ್ನ ಆಯಸ್ಸಿನಲ್ಲಿ ಅಷ್ಟು ಹೆದರಿಕೊಂಡು ನಾನು ಎಂದೂ ಓಡಿರಲಿಲ್ಲ. ಪ್ರತಿ ಕಲ್ಲಿಗೂ ಗಂಟು ಒಂದೊಂದು ನೂಲು ಮೇಲಕ್ಕೆ ಸರಿಯುವುದು ನನಗೆ ಗೊತ್ತಾಗುತ್ತಿತ್ತು. ಮೆಲ್ಲಗೆ ಹೋಗೋಣವೆಂದರೆ ವಿಷ ಏರುತ್ತದೆ, ಬೇಗ ಹೋದರೆ ಗಂಟು ಏರುತ್ತದೆ. ನಾಲ್ಕನೆಯ ತಿರುವಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದೆದ್ದಿತು. ಒಂಬತ್ತು ಗಂಟಿನ ಉಂಡೆ ಸಂದಿಯಲ್ಲಿ ಹೋಗಿ ಕೂತಿತು. ಎಂಜಿನ್ ನಿಂತುಹೋಯಿತು.

ಇಳಿಜಾರು. ಶಿವಮಲ್ಲಿ ಕ್ಲಚ್ ಹಿಡಿದು ನನ್ನನ್ನು ಸುಮ್ಮನೆ ಉರುಳಿಸಿದಳು. ಸದ್ದಿಲ್ಲದೆ, ಬ್ರೇಕಿನ ಮೇಲೆಯೇ ಘಾಟಿ ಇಳಿದೆವು. ಅವಳ ಗಂಡ ಬಿದ್ದ ಜಾಗ ಬಂತು, ಹೋಯಿತು. ಯಾರೂ ಆ ಕಡೆ ನೋಡಲಿಲ್ಲ. ಬೆನ್ನ ಹಿಂದೆ ದುಂಡಮ್ಮನ ತಲೆ ಸೊಸೆಯ ಭುಜಕ್ಕೆ ವಾಲತೊಡಗಿತು. “ಕಣ್ಣು ಬುಡಕ್ಕಾಯ್ತಿಲ್ಲ ಮಲ್ಲಿ” ಎಂದಳು. ಮಾತು ತೊದಲುತ್ತಿತ್ತು.

“ಮಾತಾಡ್ತಾ ಇರಿ ಅತ್ತೆ. ಮಲಗ್ಬ್ಯಾಡಿ. ಬಂದೇಬುಡ್ತು.”

ಬಂದದ್ದು ಬಿದಿರಳ್ಳ. ಅಲ್ಲಿಗೆ ಇಳಿಜಾರು ಮುಗಿಯಿತು. ಮುರಿದ ಸೇತುವೆಯ ಪಕ್ಕದಲ್ಲಿ ಹಳ್ಳಕ್ಕಿಳಿದು, ಆಚೆಯ ದಡದ ಕಡಿದಾದ ಏರನ್ನು ಹತ್ತಬೇಕು. ಎಂಜಿನ್ ಇಲ್ಲದೆ ಅದು ಆಗದ ಮಾತು. ಶಿವಮಲ್ಲಿ ಸೇತುವೆಯ ಮೋಟುಗೋಡೆಗೆ ನನ್ನ ಬಲಬದಿಯನ್ನು ಆನಿಸಿ ನಿಂತು ಗುಂಡಿ ಒತ್ತಿದಳು. ಶುರುವಾದೆ. ಗೇರ್ ಹಾಕಿದಳು. ಸತ್ತೆ. ಮತ್ತೆ ಶುರು, ಮತ್ತೆ ಗೇರ್, ಮತ್ತೆ ಸತ್ತೆ. ಬೇರೆ ದಿನವಾಗಿದ್ದರೆ ಸ್ಟ್ಯಾಂಡ್ ಹಾಕಿ ಇಳಿಯುತ್ತಿದ್ದಳು, ಗಂಟು ಜಾರುತ್ತಿತ್ತು. ಇವತ್ತು ಇಳಿಯುವುದು ಹೇಗೆ? ಬೆನ್ನಿಗೆ ಅತ್ತೆ.

ಏಳನೆಯ ಸಲ ನಾನು ನಿಂತಾಗ ಅವಳು ಹ್ಯಾಂಡಲ್ ಮೇಲೆ ಹಣೆ ಇಟ್ಟು ಬಿಕ್ಕಿದಳು. “ಕೈ ಕೊಡ್ತಲ್ಲ ಅತ್ತೆ... ಇದೂ ಕೈ ಕೊಡ್ತಲ್ಲ...” ನನ್ನ ಟ್ಯಾಂಕಿನ ಮೇಲೆ ಅವಳ ಕಣ್ಣೀರು ಬಿತ್ತು. ಮೀರಿಬಿಡಲೇ ಆ ಪಾಠವನ್ನು ಎಂದು ಒದ್ದಾಡಿದೆ. ಕಬ್ಬಿಣಕ್ಕೆ ಅಷ್ಟು ಸ್ವಾತಂತ್ರ್ಯ ಇಲ್ಲ.

ಆಗ ಬೆನ್ನ ಹಿಂದಿನಿಂದ ದುಂಡಮ್ಮನ ತೊದಲು ಕೇಳಿಸಿತು.

“ಮಲ್ಲಿ... ಕಾಲ್ಗ ಕಟ್ಟಿದ್ರ ಕಾಲು ಸತ್ತೋಯ್ತದ ಅಂದ್ಯಲ್ಲವ್ವ?”

“ಹೂಂ ಅತ್ತೆ. ಈಗ್ಯಾಕ ಅದು...”

“ಇದರ ಕಾಲ್ಗ ನಾನು ಒಂಬತ್ತು ಗಂಟು ಬಿಗ್ದಿದ್ದೀನಲ್ಲ. ಅದಕೂ ರಕ್ತ ಓಡ್ತಿಲ್ವೇನೋ. ಆ ದಾರವ ಕಡ್ದಾಕು.”

ಶಿವಮಲ್ಲಿ ತಲೆಯೆತ್ತಿದಳು. ನಿಜ ಹೇಳಬೇಕೆಂದರೆ ಅವಳು ಅದನ್ನು ನಂಬಲಿಲ್ಲ. ಸಾಯುವವರ ಮಾತು ಕೇಳಬೇಕೆಂದು ಕೇಳಿದಳು. ಚೀಲದಿಂದ ಕತ್ತರಿ ತೆಗೆದು ಎಡಕ್ಕೆ ಬಗ್ಗಿದಳು. ಸೊಂಟಕ್ಕೆ ಸುತ್ತಿದ್ದ ಸೀರೆ ಎಳೆದು ಅತ್ತೆಯೂ ಅವಳ ಬೆನ್ನ ಮೇಲೆಯೇ ಬಗ್ಗಿದಳು. ಇಬ್ಬರ ಭಾರವೂ ಒಂದೇ ಕಡೆ. ವಾಲಿದರೆ ಮೂವರೂ ಹಳ್ಳಕ್ಕೆ. ನಾನು ಆ ಗೋಡೆಯನ್ನು ಕಚ್ಚಿ ಹಿಡಿದವನ ಹಾಗೆ ನಿಂತೆ. ಕತ್ತರಿಯ ತಣ್ಣನೆಯ ಮೂತಿ ಸಂದಿಗೆ ತಾಗಿತು. ಕಚಕ್. ದಾರ ಬಿತ್ತು, ತೂತಿನ ಕಾಸು ಕಲ್ಲಿನ ಮೇಲೆ ಠಣ್ ಎಂದಿತು. ನನ್ನ ಸ್ಟ್ಯಾಂಡು ಟಪ್ಪನೆ ಮೇಲಕ್ಕೆ ಹೋಗಿ ಪೂರ್ತಿ ಮಡಚಿಕೊಂಡಿತು.

ಆ ಸದ್ದಿಗೆ ಶಿವಮಲ್ಲಿಯ ಕೈ ನಿಂತುಹೋಯಿತು. ಸ್ಟ್ಯಾಂಡು ನೋಡಿದಳು, ಅದರ ಬುಡ ನೋಡಿದಳು, ಕೆಳಗೆ ಬಿದ್ದಿದ್ದ ಗಂಟಿನ ಉಂಡೆ ನೋಡಿದಳು. “ಅಯ್ಯೋ ದೇವ್ರೇ” ಎಂದಳು, ಅಷ್ಟೆ. ಗುಂಡಿ ಒತ್ತಿ ಗೇರ್ ಹಾಕಿದಳು.

ಆಮೇಲೆ ನಾನು ಓಡಿದ ಓಟವನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರದು. ಹಳ್ಳದ ನೀರು ನನ್ನ ಹೊಟ್ಟೆಗೆ ಹೊಡೆಯಿತು, ಆಚೆ ದಡದಲ್ಲಿ ಹಿಂದಿನ ಚಕ್ರ ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿಕೊಂಡಿತು. ಗೇಟಿನ ಹತ್ತಿರ ಆಂಬುಲೆನ್ಸಿನ ಕೆಂಪು ದೀಪ ಕಂಡಾಗ ದುಂಡಮ್ಮನಿಗೆ ಮಾತು ಪೂರ್ತಿ ನಿಂತಿತ್ತು, ಉಸಿರು ಮಾತ್ರ ಇತ್ತು. ಶಿವಮಲ್ಲಿಯೂ ಆಂಬುಲೆನ್ಸ್ ಹತ್ತಿದಳು. ನನ್ನನ್ನು ಗೇಟಿನ ಪಕ್ಕ ನಿಲ್ಲಿಸಿದವರು ಯಾರೋ, ನನಗೆ ನೆನಪಿಲ್ಲ. ಎರಡು ದಿನ ಅಲ್ಲೇ ನಿಂತಿದ್ದೆ, ಬದುಕಿದಳೋ ಇಲ್ಲವೋ ಎಂದು ಹೋಗಿ ಬರುವವರ ಮಾತಿಗೆಲ್ಲ ಕಿವಿಗೊಟ್ಟು. ಸೋಮವಾರ ಶಿವಮಲ್ಲಿ ಬಂದಳು. ನನ್ನ ಎಡಗಡೆ ಮಂಡಿಯೂರಿ ಕೂತು, ಬರಿಯ ಸ್ಟ್ಯಾಂಡಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಅತ್ತಳು. ಅತ್ತ ರೀತಿ ನೋಡಿಯೇ ನನಗೆ ತಿಳಿಯಿತು, ಮುದುಕಿ ಉಳಿದಳು ಎಂದು. ನನ್ನನ್ನು ಮಾರುವ ಮಾತು ಅವತ್ತೇ ಮುಗಿಯಿತು.

ಅದಾಗಿ ಹದಿಮೂರು ವರ್ಷ ನಾನು ಆ ಬೆಟ್ಟಗಳಲ್ಲಿ ಓಡಿದೆ. ಚೈನು ಹರಿದದ್ದುಂಟು, ಟೈರು ತೂತಾದದ್ದುಂಟು, ಎರಡು ಸಲ ಎಂಜಿನ್ ಬಿಚ್ಚಿಸಿಕೊಂಡೆ. ವಯಸ್ಸು ಯಾರನ್ನು ಬಿಟ್ಟಿದೆ? ಆದರೆ ಸುಮ್ಮಸುಮ್ಮನೆ ದಾರಿಯಲ್ಲಿ ನಿಂತವನಲ್ಲ. ಈಗ ಹೊಸ ಸೇತುವೆ ಬಂದಿದೆ, ಊರಿಗೇ ಆಂಬುಲೆನ್ಸ್ ಬರುತ್ತದೆ, ಶಿವಮಲ್ಲಿಗೆ ತಲೆಗೂದಲು ನರೆತಿದೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ನಾನು ಹೊಂಗೆಮರದ ಕೆಳಗೆ, ಹಿಮಾಲಯದ ಸ್ಟಿಕ್ಕರಿನ ಒಂದು ಚೂರನ್ನು ಇನ್ನೂ ಮೈಮೇಲೆ ಇಟ್ಟುಕೊಂಡು ನಿಂತಿದ್ದೇನೆ. ನನ್ನ ಸೀಟಿನ ಮೇಲೆ ಕೋಳಿ ಮಲಗುತ್ತದೆ. ಮೊದಲು ಬೇಸರವಾಗುತ್ತಿತ್ತು, ಈಗ ಅದು ಬಾರದ ದಿನ ಬೇಸರ.

ಮೊನ್ನೆ ಅರಣ್ಯ ಇಲಾಖೆಗೆ ಹೊಸದಾಗಿ ಬಂದ ವಾಚರ್ ಒಬ್ಬ ನನ್ನನ್ನು ಕೊಳ್ಳಬೇಕೆಂದು ಬಂದಿದ್ದ. ದುಂಡಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಈಗ ಬೆನ್ನು ಪೂರ್ತಿ ಬಾಗಿದೆ. ಎಡಹಿಮ್ಮಡಿಯ ಮೇಲೆ ಕಪ್ಪು ಕಲೆ. ಅವನು ನನ್ನನ್ನು ಸುತ್ತಿ ನೋಡಿ ಕೇಳಿದ.

“ಗಾಡಿ ನಂಬಬೋದಾ ಅಜ್ಜಿ? ಹಳೇ ಜನ ಇದ ಕೈ ಕೊಡೋ ಗಾಡಿ ಅಂತಿದ್ರಂತೆ?”

ದುಂಡಮ್ಮ ಮೊರ ಪಕ್ಕಕ್ಕಿಟ್ಟಳು. ಗೋಡೆ ಹಿಡಿದು ಎದ್ದು ಬಂದಳು. ಅವತ್ತಿನ ಹಾಗೆಯೇ ಕುಕ್ಕರುಗಾಲಿನಲ್ಲಿ ನನ್ನ ಎಡಗಡೆ ಕೂತು, ಸ್ಟ್ಯಾಂಡಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಇದು ಯಾವತ್ತೂ ಕೈ ಕೊಡ್ನಿಲ್ಲ ಕನಪ್ಪ” ಅಂದಳು. “ಇದರ ಕಾಲು ಕಟ್ಟಾಕಿದ್ದು ನಾನು.”